ಆಮೇಲೆ ನೆನಪಿಸು

“ನಿಮ್ಮ ಕಂಪ್ಯೂಟರ್ ಬುಸುಗುಟ್ಟೋದು ಕೆಳಗಿನ ಬೀದಿವರೆಗೂ ಕೇಳ್ತಿದೆ ಮೇಡಂ!”

ಬಾಗಿಲಲ್ಲಿ ನಿಂತ ರಿಪೇರಿಯವನ ಮೊದಲ ಮಾತೇ ಅದು. ಹೆಗಲಲ್ಲಿ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಿಂದ ಒಂದೇ ಪುಟವನ್ನು ಒಂಬತ್ತು ಸಲ ಓದಿದ್ದಳು. ಕಣ್ಣು ಕಾಣದವರಿಗಾಗಿ ಗ್ರಂಥಾಲಯವೊಂದು ಹೊರತರುವ ಕೇಳುವ ಪುಸ್ತಕಗಳಿಗೆ ದನಿ ಕೊಡುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ತಪ್ಪು ಹಿಡಿಯುವುದು ಚಿಕ್ಕಮ್ಮನ ಕೆಲಸ. ಒಂಬತ್ತು ಸಲವೂ ಚಿಕ್ಕಮ್ಮನದು ಅದೇ ರಾಗ: “ಕಂಪ್ಯೂಟರ್ ಫ್ಯಾನು ಕೇಳುತ್ತೆ ಕಣೇ ಪುಟ್ಟಿ, ಮತ್ತೆ ಓದು!”

“ಕೇಳ್ತಿದೆ ಅಂತಲೇ ನಿಮ್ಮನ್ನ ಕರೆಸಿರೋದು,” ಎಂದಳು.

ಅವನು ನಕ್ಕ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿದೇಹೋಯಿತು... ಅದಕ್ಕಾಗಿ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು!

ಕಂಪ್ಯೂಟರ್ ಗ್ರಂಥಾಲಯದವರು ಕೊಟ್ಟಿದ್ದು. ಒಳಗಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಸಿಸ್ಟಮ್. ಅದರಲ್ಲೂ ಯಾರೂ ಕೈಯಾಡಿಸಿ ಕೆಡಿಸದಂತೆ ಮುದ್ರೆಯೊತ್ತಿದ ಲಿನಕ್ಸ್.

“ಫ್ಯಾನಿಗೆ ಏನೂ ಆಗಿಲ್ಲ,” ಅವನು ನೆಲದ ಮೇಲೆ ಕೂತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡ. “ಅದರ ಹತ್ರ ಮಾತಾಡೋಕೆ ಸಿಸ್ಟಮ್‌ಗೆ ಬರಲ್ಲ, ಅಷ್ಟೇ. ಕರ್ನಲ್ ಮಾಡ್ಯೂಲ್ ಅಂತ ಒಂದು ಸಣ್ಣ ತುಣುಕು ಲೋಡ್ ಮಾಡಿದ್ರೆ ಹೇಳಿದ ಹಾಗೆ ಕೇಳುತ್ತೆ. ಆದ್ರೆ ಪ್ರತಿ ಅಪ್‌ಡೇಟ್‌ಗೂ ಈ ಸಿಸ್ಟಮ್ ಪೂರ್ತಿ ಹೊಸದಾಗುತ್ತೆ. ಹೊಸ ಕರ್ನಲ್, ಅಂದ್ರೆ ಸಿಸ್ಟಮ್‌ನ ತಿರುಳು, ಹಳೇ ಮಾಡ್ಯೂಲನ್ನ ಒಳಗೇ ಬಿಟ್ಕೊಳ್ಳಲ್ಲ.”

“ಆಗ?”

“ಆಗ ನಾನು ಬರ್ತೀನಿ.”

ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ. ಬುಸುಗುಟ್ಟುತ್ತಿದ್ದ ಪೆಟ್ಟಿಗೆ ನಿಧಾನಕ್ಕೆ ಸುಮ್ಮನಾಯಿತು. ಈಗ ಕೇಳಿಸುತ್ತಿದ್ದದ್ದು ಅವಳದೇ ಎದೆಬಡಿತ!

ಹಾಗೆ ಶುರುವಾಯಿತು. ತಿಂಗಳಿಗೊಂದು ಅಪ್‌ಡೇಟ್, ತಿಂಗಳಿಗೊಂದು ಭೇಟಿ... ಎಂಥ ದಿನಗಳವು!

ಕೆಲಸ ಹತ್ತು ನಿಮಿಷದ್ದು. ಆಮೇಲೆ, “ಶಬ್ದ ಪೂರ್ತಿ ಹೋಗಿದೆಯಾ ನೋಡೋಣ, ಏನಾದ್ರೂ ಓದಿ,” ಎನ್ನುವನು. ಶಬ್ದ ತಡೆಯಲು ಗೋಡೆಗೆ ತೂಗುಹಾಕಿದ್ದ ಹಳೆಯ ರಜಾಯಿಗೆ ಒರಗಿ ಕಣ್ಣು ಮುಚ್ಚಿ ಕೇಳುವನು. ಒಂದು ಪುಟವೆಂದು ಶುರುಮಾಡಿದ್ದು ಒಂದು ಅಧ್ಯಾಯವಾಗುತ್ತಿತ್ತು. ಅಪ್‌ಡೇಟ್ ತಡವಾದರೆ ಅವಳೇ ದಿನಕ್ಕೆ ನಾಲ್ಕು ಸಲ ಹುಡುಕುತ್ತಿದ್ದಳು.

“ಫ್ಯಾನು ಕೂಗ್ಲಿ ಅಂತ ಕಾಯೋರನ್ನ ನಾನು ಇಲ್ಲೇ ನೋಡಿದ್ದು!” ಚಿಕ್ಕಮ್ಮ ಕಾಲೆಳೆಯುತ್ತಿದ್ದರು.

ಹತ್ತನೇ ತಿಂಗಳು ಅವನಿಗೆ ಜ್ವರ. ಬದಲಿಗೆ ಬಂದ ತಂತ್ರಜ್ಞ ಪರದೆ ನೋಡಿ ಹುಬ್ಬೇರಿಸಿದ.

“ಈ ಮಾಡ್ಯೂಲನ್ನ ಪ್ಯಾಕೇಜ್ ಮಾಡಿ ಸಿಸ್ಟಮ್ ಜೊತೆ ಸೇರಿಸಿಬಿಟ್ರೆ, ಪ್ರತಿ ಅಪ್‌ಡೇಟ್‌ಗೂ ತಾನೇ ಹೊಸದಾಗಿ ತಯಾರಾಗುತ್ತೆ. ಒಂದು ಸಲ ಮಾಡಿದ್ರೆ ಮುಗೀತು! ಇವತ್ತು ನನಗೆ ಪುರುಸೊತ್ತಿಲ್ಲ, ಅವರೇ ಬಂದು ಮಾಡ್ಲಿ. ಅವರಿಗೆ ಗೊತ್ತಿಲ್ದೆ ಏನಿಲ್ಲ. ಬೇಕಂತಲೇ ಬಿಟ್ಟಿದ್ದಾರೆ.”

ಬೇಕಂತಲೇ! ಆ ಒಂದು ಪದ ಅವಳನ್ನು ಇಡೀ ವಾರ ಕೊರೆಯಿತು. ‘ಹಾಳಾದ ಬೆಳಗುಗಳು, ಮತ್ತೆ ಮತ್ತೆ ಓದಿದ ಪುಟಗಳು... ಎಲ್ಲ ಅವನಿಗೆ ಆಟವಾ?’

ಜ್ವರ ಬಿಟ್ಟು ಬಂದವನನ್ನು ಕೂರಲೂ ಹೇಳಲಿಲ್ಲ.

“ಖಾಯಂ ಆಗಿ ಮಾಡೋ ದಾರಿ ಇತ್ತಾ?”

“...ಇತ್ತು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಬೇಕಂತಲೇ ಮಾಡ್ಲಿಲ್ಲ, ಅಲ್ವಾ?”

ಅವನು ತಲೆ ತಗ್ಗಿಸಿದ. “ಹೌದು.”

“ನಿಮ್ಮನ್ನ ಎಷ್ಟು ನಂಬಿದ್ದೆ!”

ಯಾಕೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಆ ತಿಂಗಳ ಮಾಡ್ಯೂಲ್ ಲೋಡ್ ಮಾಡಿ, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದುಹೋದ.

ಮುಂದಿನ ತಿಂಗಳು ಪರದೆಯ ಮೇಲೆ ಎಂದಿನ ಪ್ರಶ್ನೆ ಬಂತು. ಅಪ್‌ಡೇಟ್ ಮಾಡಲೇ? ಮಾಡಿದರೆ ಅವನು ಕೊನೆಯ ಸಲ ಹಾಕಿದ್ದು ನಿಷ್ಪ್ರಯೋಜಕವಾಗುತ್ತದೆ... ಅವಳು ‘ಆಮೇಲೆ ನೆನಪಿಸು’ ಒತ್ತಿದಳು. ಅದರ ಮುಂದಿನ ತಿಂಗಳೂ ಅದನ್ನೇ ಒತ್ತಿದಳು. ಹೀಗೆ ಮೂರು ವರ್ಷ!

ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಮೊದಲು ಬುಸ್ ಎನ್ನುತ್ತಿತ್ತು. ಆಮೇಲೆ ಅವನು ಬರೆದಿಟ್ಟ ಸಾಲು ತಾನಾಗಿ ಓಡಿ ಫ್ಯಾನು ತಣ್ಣಗಾಗುತ್ತಿತ್ತು. ಆ ಕ್ಷಣಕ್ಕಾಗಿ ಅವಳು ಕೈಕಟ್ಟಿ ಕಾಯುತ್ತಿದ್ದಳು. ಅವನಿಂದ ಉಳಿದದ್ದು ಅಷ್ಟೇ ತಾನೆ?

ಕೊನೆಗೆ ಗ್ರಂಥಾಲಯದಿಂದ ಪತ್ರ ಬಂತು. ಅಪ್‌ಡೇಟ್ ಆಗದ ಕಂಪ್ಯೂಟರಿನ ರೆಕಾರ್ಡಿಂಗ್ ಇನ್ನು ಸ್ವೀಕರಿಸುವುದಿಲ್ಲ. ಬೇರೆ ದಾರಿಯಿಲ್ಲದೆ ‘ಅಪ್‌ಡೇಟ್’ ಒತ್ತಿದಳು.

ಪೆಟ್ಟಿಗೆ ಬುಸ್ ಎಂದಿತು. ಕಾದಳು. ಸುಮ್ಮನಾಗಲೇ ಇಲ್ಲ. ಮೈಕ್ ಮುಂದೆ ಕೂತು ಅತ್ತುಬಿಟ್ಟಳು.

ಚಿಕ್ಕಮ್ಮ ಹೆಡ್‌ಫೋನ್ ತೆಗೆದು ಫೋನ್ ಎತ್ತಿಕೊಂಡರು. “ಫ್ಯಾನ್ ಡಾಕ್ಟ್ರೇ, ಬೇಗ ಬನ್ನಿ, ರೋಗಿ ಸೀರಿಯಸ್ಸು. ಯಾವ ರೋಗಿ ಅಂತ ಬಂದು ನೀವೇ ನೋಡಿ!”

ಅವನು ಬಂದ. ಕಿವಿಯ ಬಳಿ ನಾಲ್ಕು ಕೂದಲು ನರೆತಿದ್ದವು. ಕನ್ನಡಕ ಮಾತ್ರ ಈಗಲೂ ಜಾರುತ್ತಿತ್ತು. ಅದೇ ರಜಾಯಿಗೆ ಒರಗಿ ಕೂತ.

ಮುದ್ರೆಯೊತ್ತಿದ ಆ ಸಿಸ್ಟಮ್ ಹೊಸದು ಬಂದಾಗ ಹಿಂದಿನದನ್ನು ಎಸೆಯುವುದಿಲ್ಲ, ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಅವನು ಪಟ್ಟಿ ತೆರೆದ. ಎರಡೇ ಸಾಲು. ಒಂದು ಈ ತಿಂಗಳದು. ಇನ್ನೊಂದರ ದಿನಾಂಕ ನೋಡಿದವನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಮತ್ತೆ ಕೆಲಸ ಶುರುಮಾಡಿದ. ಈ ಸಲ ಹತ್ತು ನಿಮಿಷವಲ್ಲ, ಒಂದು ಗಂಟೆ ಹಿಡಿಯಿತು. ಕಂಪ್ಯೂಟರ್ ಆರಿ ಹತ್ತಿತು. ಫ್ಯಾನು ತಣ್ಣಗಾಯಿತು.

“ಖಾಯಂ ಆಗಿ ಸೇರಿಸಿದ್ದೀನಿ,” ಎಂದ. “ಇನ್ನು ಎಷ್ಟು ಅಪ್‌ಡೇಟ್ ಆದ್ರೂ ಜೊತೇಲೇ ಬರುತ್ತೆ. ನಾನು ಬರೋ ಅಗತ್ಯ ಇರಲ್ಲ. ಒಂದ್ಸಲ... ಏನಾದ್ರೂ ಓದಿ.”

ಅವಳು ರೆಕಾರ್ಡ್ ಒತ್ತಿದಳು. ಪುಸ್ತಕ ತೆರೆದಳು. ಅಕ್ಷರಗಳು ಮಂಜಾದವು. ‘ಓದಿ ಮುಗಿಸಿದರೆ ಎದ್ದುಹೋಗುತ್ತಾನೆ... ಇನ್ನೆಂದೂ ಬರುವುದಿಲ್ಲ!’

“ಮೂರು ವರ್ಷ ಅಪ್‌ಡೇಟೇ ಮಾಡಿಲ್ಲ,” ಅವನು ಮೆಲ್ಲಗೆ ಕೇಳಿದ. “ಯಾಕೆ?”

ಅಂದು ಅವಳು ಕೇಳಬೇಕಿದ್ದ ಪದ!

“ಮಾಡಿದ್ರೆ ನೀವು ಹಾಕಿದ್ದು ಹೋಗಿಬಿಡ್ತಿತ್ತು... ಈಗ ನೀವು ಹೇಳಿ. ಅವತ್ತು ಯಾಕೆ ಖಾಯಂ ಮಾಡ್ಲಿಲ್ಲ?”

“ಮಾಡಿಬಿಟ್ಟಿದ್ರೆ ಮುಂದಿನ ತಿಂಗಳು ಏನಂತ ಹೇಳ್ಕೊಂಡು ಬರ್ಲಿ? ನಿಮ್ಮ ದನಿ ಕೇಳೋಕೆ ನನ್ನ ಹತ್ರ ಇದ್ದ ನೆಪ ಅದೊಂದೇ. ನೀವು ಪಟ್ಟ ಕಷ್ಟ ಯೋಚಿಸ್ಲಿಲ್ಲ... ತಪ್ಪು ನಂದೇ.”

“ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು?”

“ನೀವು ಕೇಳ್ಲೇ ಇಲ್ವಲ್ಲ.”

ಅಳುತ್ತಲೇ ನಕ್ಕಳು. “ಮಾಡ್ಯೂಲ್ ಖಾಯಂ ಆಯ್ತು. ನೀವು?”

“ಖಾಯಂ ಮಾಡ್ಕೊಳ್ತೀರಾ?”

“ಇನ್ನೂ ‘ತೀರಾ’ನಾ?”

“...ಮಾಡ್ಕೊಳ್ತೀಯಾ?”

“ಹ್ಞೂಂ.”

ಪಕ್ಕದ ಕೋಣೆಯಿಂದ ಚಿಕ್ಕಮ್ಮನ ದನಿ ಗದ್ಗದವಾಗಿ ಬಂತು. “ಪುಟ್ಟೀ... ಫ್ಯಾನು ಒಂಚೂರೂ ಕೇಳ್ತಿಲ್ಲ. ಎಲ್ಲೂ ತಪ್ಪಿಲ್ಲ ಕಣೇ, ಈ ರೆಕಾರ್ಡಿಂಗ್ ಅಳಿಸಬೇಡ!”