ಇಪ್ಪತ್ಮೂರನೇ ಪುಟದ ‘ಮತ್ತು’

“ಯಂತ್ರ ನಿಲ್ಲಿಸು.”

ಕರಡಿ ತಾತ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಜೆರಾಕ್ಸ್ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದೆ. ನಲವತ್ತು ಪ್ರತಿಗಳಲ್ಲಿ ಮೂವತ್ತೆಂಟು ಆಗಲೇ ಸುರುಳಿ ಬೈಂಡು ತೊಟ್ಟು ಮೇಜಿನ ಮೇಲೆ ಸಾಲಾಗಿ ಕುಳಿತಿದ್ದವು. ತಾತ ಮೊದಲ ಪ್ರತಿಯನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ತೋರುಬೆರಳು ಒಂದು ಪುಟದೊಳಗೆ ಸಿಕ್ಕಿಕೊಂಡಿತ್ತು.

“ಇಪ್ಪತ್ಮೂರನೇ ಪುಟ. ನಿಯಮ ಹದಿನಾಲ್ಕು. ಓದು.”

ಓದಿದೆ. ‘ಪದವಿಗೆ ಸೇರುವ ಅಭ್ಯರ‍್ಥಿಯು ಹನ್ನೆರಡನೇ ತರಗತಿ ಮುಗಿಸಿರಬೇಕು ಮತ್ತು ಒಂದು ವರ‍್ಷದ ಸೇತುಬಂಧ ಕೋರ‍್ಸ್ ಪೂರ‍್ಣಗೊಳಿಸಿರಬೇಕು.’

“ಮತ್ತು?” ಎಂದರು ತಾತ.

“ಮತ್ತು ಅಂತಲೇ ಇದೆ ತಾತ.”

“ಸಮಿತಿ ಒಪ್ಪಿದ್ದು ‘ಅಥವಾ’.”



ತಾತ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ನಿವೃತ್ತರಾದ ಮೇಲೂ ಬಿಡದೆ ಕರೆಸಿಕೊಂಡಿದ್ದರು. ಕರಡು ತಿದ್ದುವುದರಿಂದ ಕರಡಿ. ಕಿವಿಯ ಮೇಲಿನ ಕೂದಲೂ ಆ ಹೆಸರಿಗೆ ಸಾಕ್ಷಿ ಹೇಳುತ್ತಿತ್ತು. ಅವರ ಕೈಗೆ ಸಿಕ್ಕ ಹಾಳೆ ಮೈ ಪರಚಿಸಿಕೊಳ್ಳದೆ ಹೊರಗೆ ಹೋಗುವುದಿಲ್ಲ ಎಂದು ಕಚೇರಿಯಲ್ಲಿ ಮಾತಿತ್ತು.

ಪದವಿ ಕೋರ್ಸುಗಳನ್ನೆಲ್ಲ ಹೊಸದು ಮಾಡಲು ಸಮಿತಿ ಎರಡು ವರ್ಷ ಕೂತಿತ್ತು. ಯಾವ ವಿಷಯ ಕಡ್ಡಾಯ, ಯಾವುದು ಐಚ್ಛಿಕ, ಯಾರು ಸೇರಬಹುದು ಎಂಬುದೆಲ್ಲ ಆ ತೊಂಬತ್ತಾರು ಪುಟಗಳಲ್ಲಿತ್ತು. ಅಂದು ಮೂರು ಗಂಟೆಗೆ ಪರಿಷತ್ತಿನ ಸಭೆ. ಅಲ್ಲಿ ಕೈ ಎತ್ತಿದರೆ ಮುಗಿಯಿತು, ಐದು ವರ್ಷ ಯಾರೂ ಒಂದು ಅಕ್ಷರ ಮುಟ್ಟುವಂತಿಲ್ಲ. ಹದಿನಾಲ್ಕನೇ ನಿಯಮ ಶಾಲೆ ಅರ್ಧಕ್ಕೆ ಬಿಟ್ಟವರಿಗೆ ತೆರೆದ ಒಂದೇ ಬಾಗಿಲು: ಹನ್ನೆರಡು ಮುಗಿಸದಿದ್ದರೂ ಸೇತುಬಂಧ ಸಾಕು. ಅಮ್ಮ ಹಾಸಿಗೆ ಹಿಡಿದಾಗ ಒಂಬತ್ತನೇ ತರಗತಿಗೇ ಪುಸ್ತಕ ಮಡಚಿದ ನಾನೂ ಅವರಲ್ಲಿ ಒಬ್ಬಳು. ಅದನ್ನು ಟೈಪು ಮಾಡಿದ ದಿನ ಅಕ್ಕ ಮನೆಯಲ್ಲಿ ಪಾತ್ರೆ ತೊಳೆಯುತ್ತ, “‘ಅಥವಾ’ ಅಂತಿದೆ ಕಣೇ, ನಿನ್ನ ಹಣೆಬರಹದಲ್ಲಿ ಮೊದಲನೇ ಸಲ ‘ಅಥವಾ’ ಬಂದಿದೆ” ಎಂದು ನಕ್ಕಿದ್ದಳು.

ಮೂಲಪ್ರತಿ ತೆಗೆದು ನೋಡಿದೆವು. ಅದರಲ್ಲೂ ‘ಮತ್ತು’. ತಪ್ಪು ಯಂತ್ರದ್ದಲ್ಲ. ಮೂಲಪ್ರತಿಯನ್ನು ಟೈಪು ಮಾಡಿದವಳು ನನ್ನ ಅಕ್ಕ.

ಹನ್ನೆರಡಕ್ಕೆ ನಾವೆಲ್ಲ ರಿಜಿಸ್ಟ್ರಾರ್ ಮೇಡಂ ಕೋಣೆಯಲ್ಲಿದ್ದೆವು. ಅಕ್ಕ ತನ್ನ ಕಂಪ್ಯೂಟರಿನಲ್ಲಿ ‘ಅಥವಾ’ ಎಂದೇ ಇದೆ, ಬಂದು ನೋಡಿ ಎಂದಳು. ನಮ್ಮ ಶಾಖೆಯ ಮುಖ್ಯಸ್ಥರು ತಲೆಯಾಡಿಸಿದರು. ಕಚೇರಿಯ ಅಷ್ಟೂ ಮಂದಿಗೆ ಅವರು ದೊಡ್ಡಣ್ಣ. ಯಾರಿಗೆ ರಜೆ ಬೇಕಾದರೂ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡುವುದು ಅವರ ಹತ್ತಿರ. ಈಗಲೂ ಅಕ್ಕನ ಕೈಗೆ ನೀರಿನ ಲೋಟ ಕೊಟ್ಟವರು ಅವರೇ.

“ಕಂಪ್ಯೂಟರಲ್ಲಿರೋದನ್ನ ಬೆಳಿಗ್ಗೆ ತಿದ್ದಿರಬಹುದು ಅಂತ ಯಾರಾದ್ರೂ ಅಂದ್ರೆ ಏನು ಹೇಳ್ತೀಯಮ್ಮ? ಕೈತಪ್ಪು ಅಂತ ಒಪ್ಕೊಂಡುಬಿಡು. ಒಂದು ಪದ ತಾನೇ. ನಿನ್ನ ಪರ ಮೇಡಂನ ನಾನು ಕೇಳ್ಕೋತೀನಿ.”

“ಮಾಡದ ತಪ್ಪನ್ನ ಹೇಗೆ ಒಪ್ಕೊಳ್ಳಲಿ ದೊಡ್ಡಣ್ಣ?”

ಮೇಡಂ ಗಡಿಯಾರ ನೋಡಿದರು. ಅನುಮಾನವಿರುವ ಸಾಲನ್ನು ಪರಿಷತ್ತಿನ ಮುಂದೆ ಇಡುವುದಿಲ್ಲ ಎಂದರು. ಪದ ಬದಲಾದದ್ದು ಹೇಗೆಂದು ಎರಡೂವರೆಯೊಳಗೆ ಗೊತ್ತಾಗದಿದ್ದರೆ ಹದಿನಾಲ್ಕನೇ ನಿಯಮ ಕೈಬಿಟ್ಟು ಉಳಿದದ್ದನ್ನು ಮಂಡಿಸುತ್ತಾರೆ. ಟೈಪಿಸ್ಟ್ ನಾಳೆಯಿಂದ ಬರುವುದು ಬೇಡ.

“ಎರಡೂವರೆ ಗಂಟೆ ಹೊತ್ತಿದೆ,” ಎಂದರು ತಾತ. “ಬಾ ಮರಿ.”

ಮರಿ ಎಂದರೆ ನಾನು. ಕರಡಿಮರಿ.

ಮೊದಲು ಬೀಗದ ವಿಚಾರ. ಹಿಂದಿನ ಸಂಜೆ ಐದಕ್ಕೆ ಅಕ್ಕ ಮೂಲಪ್ರತಿಯನ್ನು ಜೆರಾಕ್ಸ್ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಳು. ನಾನು ಬೆಳಿಗ್ಗೆ ಒಂಬತ್ತಕ್ಕೆ ತೆಗೆದೆ. ಕೀಲಿಕೈ ಎಲ್ಲಿತ್ತು? ಶಾಖೆಯ ಗೋಡೆಯ ಮೊಳೆಯಲ್ಲಿ. ಯಾರಿಗೆ ಗೊತ್ತು? ಇಡೀ ಕಟ್ಟಡಕ್ಕೆ.

“ಹಾಗಾದ್ರೆ ಬೀಗ ಇದ್ದೂ ಇಲ್ಲದ ಹಾಗೆ,” ಎಂದು ಗೊಣಗಿದರು ತಾತ. “ನಿಯಮ ಹದಿನಾಲ್ಕು ಯಾರಿಗೆ ಬೇಡ?”

ಅದಕ್ಕೆ ಉತ್ತರ ಹುಡುಕಬೇಕಿರಲಿಲ್ಲ. ಸಮಿತಿಯ ಪ್ರತಿ ಸಭೆಯಲ್ಲೂ ಮೇಜು ಗುದ್ದಿದವರು ಗಣಿತದ ಮೇಷ್ಟ್ರು. ಬೆಳಿಗ್ಗೆ ಒಂಬತ್ತೂಕಾಲಿಗೆ ಅವರು ನನ್ನ ಕೋಣೆಗೂ ಬಂದಿದ್ದರು. ಏನನ್ನೋ ಪ್ರತಿ ಮಾಡಿಸಿಕೊಂಡು ಹೋಗಿದ್ದರು. ಆಗ ನಾನು ನೀರು ತರಲು ಎರಡು ನಿಮಿಷ ಹೊರಗೆ ಹೋಗಿದ್ದೆ. ಇದನ್ನೂ ತಾತನಿಗೆ ಹೇಳಿದೆ.

ಮೇಷ್ಟ್ರು ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದರು.

“ನೀವು ಆ ನಿಯಮದ ವಿರೋಧಿ, ಅಲ್ವೆ?” ತಾತ ನೇರವಾಗಿ ಕೇಳಿದರು.

“ಹೌದು. ಅಡಿಪಾಯ ಇಲ್ಲದೆ ಅಟ್ಟ ಕಟ್ಟಬಾರದು ಅನ್ನೋನು ನಾನು. ಅದರಲ್ಲಿ ಗುಟ್ಟೇನಿದೆ?”

“ಬೆಳಿಗ್ಗೆ ಏನು ಪ್ರತಿ ಮಾಡಿಸಿದ್ರಿ?”

ಮೇಷ್ಟ್ರು ಚೀಲದಿಂದ ಮೂರು ಹಾಳೆ ತೆಗೆದು ಮೇಜಿಗೆ ಬಡಿದರು. ಕೈಬರಹ, ಇರುವೆ ಸಾಲಿನಷ್ಟು ಒತ್ತಾಗಿ. ಪರಿಷತ್ತಿನಲ್ಲಿ ಓದಲು ಬರೆದ ಆಕ್ಷೇಪಣೆ. ಮೊದಲ ಸಾಲಿನಲ್ಲೇ ‘ಅಥವಾ’ ಪದಕ್ಕೆ ಎರಡು ಗೆರೆ ಎಳೆದು, ಅಲ್ಲಿಂದ ಕೊನೆಯವರೆಗೆ ಆ ಒಂದು ಪದದ ಮೇಲೆಯೇ ಯುದ್ಧ ಹೂಡಿದ್ದರು.

ಹೊರಗೆ ಬಂದಾಗ ತಾತನ ನಡಿಗೆ ಚುರುಕಾಗಿತ್ತು. “ಇವರಲ್ಲ. ‘ಅಥವಾ’ನ ತಾನೇ ಅಳಿಸಿದವನು, ಅದನ್ನ ಅಳಿಸಿ ಅಂತ ಮೂರು ಪುಟ ಬರೀತಾನಾ? ಸತ್ತ ಹಾವಿಗೆ ಯಾರು ದೊಣ್ಣೆ ಹುಡುಕ್ತಾರೆ?”

ಒಂದೂಮುಕ್ಕಾಲು. ಮತ್ತೆ ಜೆರಾಕ್ಸ್ ಕೋಣೆ. ಮೂಲಪ್ರತಿಯ ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕನೇ ಹಾಳೆಗಳನ್ನು ಪಕ್ಕಪಕ್ಕ ಹಾಸಿದೆವು. ತಾತ ಮಸೂರ ಹಿಡಿದು ಇಪ್ಪತ್ಮೂರನ್ನು ಮೂರು ಸಲ ಓದಿದರು. ಕಾಗದ ಅದೇ. ಅಕ್ಷರದ ಅಳತೆ ಅದೇ. ‘ಮತ್ತು’ ಬಿಟ್ಟರೆ ಒಂದೂ ತಪ್ಪಿಲ್ಲ ಎಂದು ಕುರ್ಚಿಗೆ ಒರಗಿದರು. ಆ ಮಾತಿನಲ್ಲಿ ಸೋಲಿತ್ತು. ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ನಾನು ಓದಲಿಲ್ಲ, ಸುಮ್ಮನೆ ನೋಡಿದೆ. ದಿನವೂ ಸಾವಿರ ಹಾಳೆ ಕಣ್ಣ ಮುಂದೆ ಹಾಯುವವಳಿಗೆ ಓದುವುದಕ್ಕೆ ಪುರಸೊತ್ತೆಲ್ಲಿ? ಹಾಳೆಯ ಮುಖ ಮಾತ್ರ ಕಾಣುತ್ತದೆ. ಎರಡು ಪಕ್ಕದ ಹಾಳೆಗಳ ಮುಖದ ನಡುವೆ ಈ ಮುಖ ಬೋಳಾಗಿತ್ತು. ಏನೋ ಇಲ್ಲ. ಏನು?

ಬೇಸರಕ್ಕೆ ತಲೆ ಎತ್ತಿದೆ. ಯಂತ್ರದ ಮೇಲಿನ ಗೋಡೆಯಲ್ಲಿ, ನಾನು ಸೇರುವ ಮೊದಲೇ ಅಂಟಿಸಿದ್ದ, ಹಳದಿಗಟ್ಟಿದ, ಸಹಿಯಿಲ್ಲದ ಸೂಚನೆ: ‘ಯಂತ್ರದ ಮೇಲೆ ಟೀ ಲೋಟ ಇಡಬಾರದು. ಕಾರ‍್ಯಾಲಯದ ನಿರ‍್ದೇಶನ ಮೀರಿದವರ ಮೇಲೆ ಕ್ರಮ.’ ಅದರ ಕೆಳಗೆ ಎಂದಿನಂತೆ ಯಾರದೋ ಟೀ ಲೋಟ.

ಬಾಗಿಲು ತೆರೆದಿತ್ತು, ಬಾಯಿಬಿಟ್ಟು ಹೇಳುವ ಮಾತಲ್ಲ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ತಾತನ ಮುಂದೆ ಸರಿಸಿದೆ.

ತಾತ ಚೀಟಿ ಓದಿದರು. ಹಾಳೆ ನೋಡಿದರು. ಗೋಡೆ ನೋಡಿದರು. ಆಮೇಲೆ ತಮ್ಮ ಹಣೆಯನ್ನೇ ರಪ್ಪನೆ ಬಡಿದುಕೊಂಡು ಮೇಡಂ ಕೋಣೆಗೆ ಹೊರಟರು. ಹಿಂದೆ ಓಡಿದ ನನಗೆ ಕೇಳಿಸಿದ್ದು ಇಷ್ಟೇ: ಮೂವರೂ, ಅಂದರೆ ಟೈಪಿಸ್ಟ್, ಮೇಷ್ಟ್ರು, ದೊಡ್ಡಣ್ಣ, ನಿನ್ನೆ ಸಂಜೆಯಿಂದ ಏನು ಮಾಡಿದರೆಂದು ಒಂದೊಂದು ಪುಟ ವಿವರಣೆ ಕೊಡಲಿ. ಕೈಯಲ್ಲಾದರೂ ಸರಿ, ಟೈಪಿನಲ್ಲಾದರೂ ಸರಿ. ಯಾರ ಸಹಾಯವೂ ಇಲ್ಲದೆ.

ಎರಡೂ ಇಪ್ಪತ್ತೈದಕ್ಕೆ ಮೂರು ವಿವರಣೆಗಳು ಮೇಡಂ ಮೇಜಿನ ಮೇಲಿದ್ದವು. ತಾತ ಅವುಗಳ ಪಕ್ಕದಲ್ಲಿ ಇಪ್ಪತ್ಮೂರನೇ ಪುಟವನ್ನೂ, ಗೋಡೆಯಿಂದ ಕಿತ್ತು ತಂದ ಸೂಚನೆಯನ್ನೂ ಇಟ್ಟರು.

“ಮೇಡಂ, ಈ ಪುಟದಲ್ಲಿ ‘ವರ್ಷ’ ಅನ್ನೋದನ್ನ ನೋಡಿ. ನಾವು ಹೇಗೆ ಬರೀತೀವಿ? ಷ ಬರೆದು ಪಕ್ಕದಲ್ಲಿ ಒಂದು ಬಾಲ.”

“ಅರ್ಕಾವತ್ತು.”

“ಈ ಪುಟದಲ್ಲಿ ಆ ಬಾಲ ಒಂದೂ ಇಲ್ಲ. ರ ಬರೆದು ಕೆಳಗೆ ಷ ಒತ್ತು. ಅಭ್ಯರ್ಥಿ, ಕೋರ್ಸ್, ಪೂರ್ಣ, ಎಲ್ಲ ಹಾಗೇ. ಉಳಿದ ತೊಂಬತ್ತೈದು ಪುಟದಲ್ಲಿ ಎಲ್ಲ ಕಡೆ ಅರ್ಕಾವತ್ತು. ಅಂದ್ರೆ ಈ ಹಾಳೆಯನ್ನ ಟೈಪ್ ಮಾಡಿದ ಬೆರಳು ಬೇರೆ. ಕಂಪ್ಯೂಟರಲ್ಲಿದ್ದ ಪ್ರತಿ ಆ ಮನುಷ್ಯನಿಗೆ ಸಿಗಲಿಲ್ಲ. ಒಂದು ಪದ ಬದಲಾಯಿಸೋಕೆ ಇಡೀ ಪುಟ ಹೊಸದಾಗಿ ಟೈಪ್ ಮಾಡಬೇಕಾಯ್ತು.”

“ನೀವು ಮೂರು ಸಲ ಓದಿದ್ರಂತೆ. ಕಾಣಲಿಲ್ವೆ?”

“ಇಲ್ಲ ಮೇಡಂ. ಎರಡೂ ಸರಿ. ನಲವತ್ತು ವರ್ಷ ತಪ್ಪು ಹುಡುಕಿದ ಕಣ್ಣಿಗೆ ಸರಿ ಇರೋದು ಕಾಣೋದೇ ಇಲ್ಲ. ಕಂಡದ್ದು ಇವಳಿಗೆ.” ತಾತ ನನ್ನ ಕಡೆ ತಿರುಗಿದರು. “ಹೇಗೆ ಕಂಡ್ತು, ಹೇಳು ಮರಿ.”

ಎಲ್ಲರ ಕಣ್ಣೂ ನನ್ನ ಮೇಲೆ. ನೆಲ ನೋಡುತ್ತಲೇ ಹೇಳಿದೆ. ಶಾಲೆಯಲ್ಲಿ ಅರ್ಕಾವತ್ತನ್ನು ಯಾವಾಗಲೂ ತಪ್ಪು ಅಕ್ಷರಕ್ಕೆ ಹಾಕಿ ಮೊಟಕಿಸಿಕೊಳ್ಳುತ್ತಿದ್ದೆ. ಬಾಯಲ್ಲಿ ಮೊದಲು ಬರುವುದು ಬರೆಯುವಾಗ ಹಿಂದೆ ಕೂರುತ್ತದಲ್ಲ, ಅದು ಗೊಂದಲ. ಅಂದಿನಿಂದ ಯಾವ ಹಾಳೆ ಕಂಡರೂ ಕಣ್ಣು ಮೊದಲು ಆ ಬಾಲವನ್ನೇ ಹುಡುಕುತ್ತದೆ. ಈ ಪುಟದಲ್ಲಿ ಸಿಗಲಿಲ್ಲ. ಗೋಡೆಯ ಸೂಚನೆಯಲ್ಲೂ ಇರಲಿಲ್ಲ.

ಮೇಡಂ ವಿವರಣೆಗಳನ್ನು ಒಂದೊಂದಾಗಿ ಎತ್ತಿದರು. ಮೇಷ್ಟ್ರ ಕೈಬರಹದಲ್ಲಿ ಅರ್ಕಾವತ್ತುಗಳು ಕುಡುಗೋಲಿನಂತೆ ನಿಂತಿದ್ದವು. ಅಕ್ಕ ಟೈಪು ಮಾಡಿದ್ದರಲ್ಲೂ ಇದ್ದವು. ಮೂರನೆಯದನ್ನು ಓದುತ್ತ ಮೇಡಂ ನಿಂತುಬಿಟ್ಟರು. ‘ಸಂಜೆ ಕಾರ‍್ಯ ಮುಗಿಸಿ, ಎಂದಿನ ಮಾರ‍್ಗವಾಗಿ ಮನೆಗೆ ತೆರಳಿದೆನು.’

ಕೆಳಗೆ ದೊಡ್ಡಣ್ಣನ ಸಹಿ.

“ಆ ಸೂಚನೆ ಹಾಕಿದ್ದು ಯಾರು ದೊಡ್ಡಣ್ಣ?” ತಾತನ ದನಿ ಮೆತ್ತಗಿತ್ತು.

ದೊಡ್ಡಣ್ಣ ತಮ್ಮ ಬೆರಳುಗಳನ್ನೇ ನೋಡಿಕೊಂಡರು.

“ನಾನೇ. ಆಗ ಇನ್ನೂ ಟೈಪ್‌ರೈಟರ್. ನನ್ನದರಲ್ಲಿ ಅರ್ಕಾವತ್ತಿನ ಕೀಲಿ ಮುರಿದಿತ್ತು. ಹೊಸದು ಕೊಡಿ ಅಂತ ಅರ್ಜಿ ಹಾಕಿದೆ. ಆ ಅರ್ಜಿಯಲ್ಲೂ ಅರ್ಕಾವತ್ತು ಇರಲಿಲ್ಲ.” ನಗಲು ನೋಡಿದರು, ಆಗಲಿಲ್ಲ. “ಹದಿನಾರು ವರ್ಷ ಅದರಲ್ಲೇ ಕುಟ್ಟಿದೆ. ಬೆರಳಿಗೆ ಅದೇ ಅಭ್ಯಾಸ.”

“ಯಾಕೆ ದೊಡ್ಡಣ್ಣ?” ಕೇಳಿದ್ದು ಅಕ್ಕ. ಅವರು ಕೊಟ್ಟ ನೀರಿನ ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು.

“ಹನ್ನೆರಡನೇ ಕ್ಲಾಸಿಗೆ ನಾಲ್ಕು ಸಲ ಕೂತೆ ಕಣಮ್ಮ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ನಾಲ್ಕನೇ ಸಲ ಆ ಮಗಳೇ ನನಗೆ ಪಾಠ ಹೇಳಿಕೊಟ್ಟಿದ್ದು. ಅವತ್ತು ಯಾರೂ ನನಗೆ ‘ಅಥವಾ’ ಅನ್ನಲಿಲ್ಲ.”

ಅಕ್ಕ ಲೋಟವನ್ನು ಅವರ ಮುಂದೆ ಇಟ್ಟು ಹಿಂದೆ ಸರಿದಳು. ದೊಡ್ಡಣ್ಣನ ವಿಚಾರ ನಾಳೆ ಎಂದರು ಮೇಡಂ. ಟೈಪಿಸ್ಟ್ ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು ಎಂದರು. ಆಮೇಲೆ ನೇರ ನನ್ನನ್ನೇ ಕೇಳಿದರು:

“ಸರಿಯಾದ ಹಾಳೆ ಹಾಕೋಕೆ ಎಷ್ಟು ಹೊತ್ತು ಬೇಕಮ್ಮ?”

“ಇಪ್ಪತ್ತು ನಿಮಿಷ,” ಎಂದೆ. ಈ ಸಲ ತಲೆ ಎತ್ತಿ.

ಅಕ್ಕ ಪುಟ ಮುದ್ರಿಸಿದಳು, ನಾನು ಪ್ರತಿ ತೆಗೆದೆ. ತಾತ ಹಳೆಯ ಹಾಳೆ ಕಿತ್ತರು. ಸುರುಳಿ ಬಿಚ್ಚಿ ಮತ್ತೆ ತೊಡಿಸಲು ಕೈ ಸಾಲದೆ ಹೋದಾಗ ಗಣಿತದ ಮೇಷ್ಟ್ರೇ ತೋಳು ಮಡಚಿ ಕೂತರು. “ನಾನು ಇದನ್ನ ವಿರೋಧಿಸೋನೇ. ಆದ್ರೆ ಸರಿಯಾದ ಸಾಲನ್ನ ವಿರೋಧಿಸ್ತೀನಿ,” ಎಂದರು. ಮೂರಕ್ಕೆ ಎರಡು ನಿಮಿಷವಿರುವಾಗ ನಲವತ್ತನೆಯ ಪ್ರತಿ ಸಭೆಯ ಮೇಜು ಸೇರಿತು. ಮೇಷ್ಟ್ರು ತಮ್ಮ ಮೂರು ಪುಟವನ್ನೂ ಬಿಡದೆ ಓದಿದರಂತೆ. ಇಪ್ಪತ್ತಾರು ಕೈ ಎದ್ದವು, ಹನ್ನೆರಡು ಏಳಲಿಲ್ಲ. ‘ಅಥವಾ’ ಉಳಿಯಿತು.

ಮರುವಾರ ಅಕ್ಕ ಸೇತುಬಂಧ ಕೋರ್ಸಿನ ನಮೂನೆ ತಂದು ಯಂತ್ರದ ಮೇಲಿಟ್ಟಳು. ಮೇಲ್ಗಡೆ ದಪ್ಪಕ್ಷರದಲ್ಲಿ ‘ಅರ್ಜಿ’. ತುಂಬಿಸಿ ತಾತನಿಗೆ ಕೊಟ್ಟೆ. ಅವರು ಕೆಂಪು ಪೆನ್ನು ಬಿಚ್ಚಿಕೊಂಡು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದರು. ನಾನು ಬರೆದ ಒಂದು ಅರ್ಕಾವತ್ತಿನ ಹತ್ತಿರ ಪೆನ್ನಿನ ತುದಿ ಬಂದು ತಡೆಯಿತು.

ತಾತ ಪೆನ್ನಿಗೆ ಮುಚ್ಚಳ ಹಾಕಿದರು.