ಮುಖ ನೋಡಿ ಬಾ

ಅವನನ್ನು ಮೊದಲ ಸಲ ಕಂಡಾಗ ಅವಳು 'ಅಂಕಲ್' ಎಂದು ಕರೆದಿದ್ದಳು. ಆ ತಪ್ಪನ್ನು ಅವನು ಆವತ್ತೇ ನಕ್ಕು ಮರೆತಿದ್ದ. ಆಮೇಲೆ ಅವಳು ಮಾಡಿದ ತಪ್ಪು ನಕ್ಕು ಮರೆಯುವಂಥದ್ದಲ್ಲ. ಅದು ಅವನಿಗೆ ಗೊತ್ತೂ ಇರಲಿಲ್ಲ.

'ಅಂಕಲ್' ಎಂದದ್ದರಲ್ಲಿ ಅವಳದೇನು ತಪ್ಪು, ನೀವೇ ಹೇಳಿ. ಬುಧವಾರದ ಗುಂಪಿಗೆ ಅವಳು ಹೊಸಬಳು. ಲಾಂಡ್ರಿ ಅಂಗಡಿಯ ಮೇಲಿನ ಉದ್ದನೆಯ ಹಾಲಿನಲ್ಲಿ, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ವಾರಕ್ಕೊಮ್ಮೆ ಸೇರುತ್ತಿದ್ದರು. ಒಂದಷ್ಟು ಹಾಡು, ಒಂದಷ್ಟು ಜೇಡಿಮಣ್ಣಿನ ಕೆಲಸ, ತಾರಸಿಯ ಕುಂಡಗಳಲ್ಲಿ ಟೊಮೆಟೊ, ಕೊನೆಗೆ ಕೆರೆಯ ಸುತ್ತ ಇಬ್ಬಿಬ್ಬರಾಗಿ ನಡಿಗೆ. ಆ ಹಾಲಿನ ಬಾಗಿಲಿಗೆ ಅಡ್ಡಲಾಗಿ ಒಬ್ಬ ನರೆತ ತಲೆಯವನು ಶೂ ಬಿಚ್ಚುತ್ತಾ ಕೂತಿದ್ದ.

"ಸ್ವಲ್ಪ ದಾರಿ ಬಿಡ್ತೀರಾ ಅಂಕಲ್?"

ಅವನು ತಲೆ ಎತ್ತಿದ. ಮೂವತ್ತು ದಾಟಿರದ ಮುಖ. ತಲೆ ಕೊಡವಿದಾಗ ಬಿಳಿ ಪುಡಿ ಉದುರಿತು.

"ಮೈದಾ ಹಿಟ್ಟು ಕಣ್ರೀ. ರಾತ್ರಿ ಪಾಳಿ ಮುಗಿಸಿ ಬೇಕರಿಯಿಂದ ಸೀದಾ ಬಂದೆ. ಒಂದು ಸ್ನಾನ ಮಾಡಿದ್ರೆ ನನಗೆ ವಯಸ್ಸು ವಾಪಸ್ ಬರುತ್ತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಕನ್ನಡಕದ ಗಾಜಿನ ಮೇಲೂ ಹಿಟ್ಟು ಕೂತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವಳಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. "ಕೊಡಿ ಇಲ್ಲಿ" ಎಂದಳು. ಚೀಲದಿಂದ ಅಂಗಡಿಯ ಮೆತ್ತನೆ ಬಟ್ಟೆ ತೆಗೆದು, ಉಫ್ ಎಂದು ಊದಿ, ಒರೆಸಿ ಕೊಟ್ಟಳು. ಅವನು ಹಾಕಿಕೊಂಡು ಅವಳನ್ನೇ ನೋಡಿದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ.

"ಏನು?"

"ಏನಿಲ್ಲ. ಇಷ್ಟು ದಿನ ಲೋಕ ಹೀಗಿತ್ತಾ ಅಂತ ನೋಡ್ತಿದೀನಿ."

ಗುಂಪು ನಡೆಸುವ ದೊಡ್ಡಕ್ಕ ಅಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳೂ ಒಂದು ಕಾಲದಲ್ಲಿ ಇದೇ ಕಾಯಿಲೆ ಉಂಡು ಎದ್ದವಳು. ಬಾಯಿ ಜೋರು, ಕರುಳು ಮೆತ್ತಗೆ. "ಆಯ್ತು, ನೀವಿಬ್ರೂ ಜೋಡಿ" ಎಂದುಬಿಟ್ಟಳು. ಅಲ್ಲಿ ಯಾರನ್ನೂ ಕಾಯಿಲೆಯ ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಆವತ್ತಿನಿಂದ ಅವಳು 'ಕನ್ನಡಕ', ಅವನು 'ಬ್ರೆಡ್ಡು'.

"ಜೋಡಿ ಅಂದ್ರೆ ಬರೀ ಜೊತೇಲಿ ನಡೆಯೋದಲ್ಲ" ಎಂದು ದೊಡ್ಡಕ್ಕ ಬೆರಳು ಎತ್ತಿ ಹೇಳಿದಳು. "ಒಬ್ರು ಬರ್ಲಿಲ್ಲ ಅಂದ್ರೆ ಇನ್ನೊಬ್ರು ಅವರ ಮನೆಗೆ ಹೋಗಿ ಬಾಗಿಲು ತಟ್ಟಬೇಕು. ಫೋನು ನಡೆಯಲ್ಲ. ಮನೆಯವರು 'ಚೆನ್ನಾಗಿದಾನೆ' ಅಂದ್ರೂ ನಡೆಯಲ್ಲ. ಮುಖ ನೋಡ್ಕೊಂಡೇ ಬರಬೇಕು. ಚೆನ್ನಾಗಿಲ್ದೆ ಇದ್ರೂ ಚೆನ್ನಾಗಿದೀನಿ ಅನ್ನೋದ್ರಲ್ಲಿ ನಾವೆಲ್ಲ ಡಿಗ್ರಿ ತಗೊಂಡಿದೀವಿ, ಗೊತ್ತಲ್ಲ?"

ಮೊದಮೊದಲು ಆ ನಿಯಮ ಪಾಲಿಸಿದ್ದೆಲ್ಲ ಅವನೇ. ಅವಳಿಗೆ ಕೆಲವು ದಿನ ಮನೆಯ ಹೊಸ್ತಿಲು ದಾಟುವುದೇ ಆಗುತ್ತಿರಲಿಲ್ಲ. ಎದೆ ಡವಡವ ಎಂದು, ಕೈ ತಣ್ಣಗಾಗಿ, ಚಪ್ಪಲಿ ಹಾಕಿಕೊಂಡ ಮೇಲೂ ಒಳಗೇ ಕೂತುಬಿಡುತ್ತಿದ್ದಳು. ಆಗ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸುತ್ತಿತ್ತು. ರಾತ್ರಿಯಿಡೀ ಒಲೆಯ ಮುಂದೆ ಬೆಂದು ಬಂದವನು, ನಿದ್ದೆಗಣ್ಣಿನಲ್ಲಿ ಬಾಗಿಲಾಚೆ ನಿಂತು, "ಅವಸರ ಏನಿಲ್ಲ, ನಾನು ಇಲ್ಲೇ ಗೋಡೆಗೆ ಒರಗಿ ಒಂದು ನಿದ್ದೆ ತೆಗೀತೀನಿ" ಎನ್ನುತ್ತಿದ್ದ. ಅವನು ನಿಂತೇ ಗೊರಕೆ ಹೊಡೆಯುವುದು ಕೇಳಿ ಅವಳಿಗೆ ನಗು ಬರುತ್ತಿತ್ತು. ನಗುತ್ತಾ ಬಾಗಿಲು ತೆಗೆದರೆ ಹೊಸ್ತಿಲು ದಾಟಿದ್ದೇ ಗೊತ್ತಾಗುತ್ತಿರಲಿಲ್ಲ.

ಹೀಗೆ ಬೇಸಿಗೆ ಕಳೆಯಿತು. ಒಂದು ಬುಧವಾರ ಕೆರೆ ಸುತ್ತಿ ಬರುವಾಗ ಇವರಿಬ್ಬರೇ ಕೊನೆ. ಗುಂಪಿನ ಹಿರಿಯರಾದ ಭೂಗೋಳದ ನಿವೃತ್ತ ಮೇಷ್ಟ್ರು ಹಾಲಿನಲ್ಲಿ ಎಲ್ಲರೆದುರು ಕೇಳಿಯೇಬಿಟ್ಟರು. "ಏನಪ್ಪಾ ಬ್ರೆಡ್ಡು, ಎಲ್ಲರಿಗೂ ಅದೇ ಕೆರೆ. ನಿಮ್ಮಿಬ್ಬರಿಗೆ ಮಾತ್ರ ಅದು ಸಮುದ್ರ ಆಗಿದ್ದು ಹೇಗೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಕಿವಿಯವರೆಗೆ ಕೆಂಪಾದ, ಆದರೂ ಅಲ್ಲ ಎನ್ನಲಿಲ್ಲ. ಅವಳು ಮಾತ್ರ ಬಗ್ಗಿ, ಚಪ್ಪಲಿಗೆ ಇಲ್ಲದ ಲೇಸನ್ನು ಕಟ್ಟಿಕೊಳ್ಳುತ್ತಾ ಕೂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮುಂದಿನ ಬುಧವಾರ ಅವಳು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬಂದಳು. ಅವನು ಬರಲಿಲ್ಲ.

ನಿಯಮದಂತೆ ಅವನ ಮನೆಗೆ ಹೋದಳು. ಬಾಗಿಲು ತೆಗೆದದ್ದು ಅವನ ಅತ್ತಿಗೆ. ಆಕೆ ಕಾಡಿಗೆಯಿಂದ ಹಿಡಿದು ಚಪ್ಪಲಿಯವರೆಗೆ ಅವಳನ್ನು ನೋಡಿ, ಬಾಯಿ ತುಂಬ ನಕ್ಕರು. "ಓಹೋ, ಕನ್ನಡಕ ಅಂದ್ರೆ ನೀವೇನಾ! ಬನ್ನಿ ಬನ್ನಿ. ಮಲಗಿದಾನೆ, ರಾತ್ರಿ ಪಾಳಿ ನೋಡಿ. ಎಬ್ಬಿಸ್ಲಾ?"

ಅವಳ ಮುಖ ಬಿಸಿಯಾಯಿತು. ಈಗ ಎಬ್ಬಿಸಿ ಎಂದರೆ ಈಕೆ ಏನೆಂದುಕೊಂಡಾರು? ಹುಡುಗಿ ಮನೆವರೆಗೂ ಹುಡುಕಿಕೊಂಡು ಬಂದಳು ಎಂದಲ್ಲವೇ? ಹಿಂದಿನಂತೆ ಬರೀ ನಡಿಗೆಯ ಜೋಡಿಯಾಗಿದ್ದರೆ ಅಂಜದೆ ಒಳಗೆ ಹೋಗಿಬಿಡುತ್ತಿದ್ದಳು. ಇವತ್ತು ಮನಸ್ಸಿನಲ್ಲಿ ಬೇರೆಯದೊಂದು ಇತ್ತಲ್ಲ, ಅದಕ್ಕೆ ಕಾಲು ಏಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಬೇಡ ಬೇಡ, ಮಲಗ್ಲಿ ಬಿಡಿ" ಎಂದು ದಡದಡ ಮೆಟ್ಟಿಲಿಳಿದಳು.

ಹಾಲಿಗೆ ವಾಪಸಾದಾಗ ದೊಡ್ಡಕ್ಕ ಕೇಳಿದಳು. "ಮುಖ ನೋಡಿದೆಯಾ?"

"ಹ್ಞೂಂ, ನೋಡ್ದೆ. ನಿದ್ದೆ ಮಾಡ್ತಿದಾರೆ."

ಅಷ್ಟೇ. ಅವಳು ಹೇಳಿದ್ದು ಅಷ್ಟೇ ಮಾತು.

ಅತ್ತಿಗೆಯೂ ಹಾಗೇ ತಿಳಿದಿದ್ದರು, ಆದರೆ ಅವನು ಮಾಡುತ್ತಿದ್ದುದು ನಿದ್ದೆಯಲ್ಲ. ಪಾಳಿಗೂ ಹೋಗದೆ, ನೀರನ್ನೂ ಕುಡಿಯದೆ, ಗೋಡೆಯ ಕಡೆ ತಿರುಗಿ ಬಿದ್ದುಕೊಂಡಿದ್ದ. ಆಮೇಲೆ ಅವನು ಒಳಗಿನಿಂದ ಚಿಲಕ ಹಾಕಿಕೊಂಡ ಕೋಣೆಯ ಬಾಗಿಲನ್ನು, ಊರಿಗೆ ಹೋಗಿದ್ದ ಅಣ್ಣ ಮರುದಿನ ಬಂದು ಒಡೆದಾಗ ಮೈಯಲ್ಲಿ ತ್ರಾಣವೇ ಇರಲಿಲ್ಲವಂತೆ. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೋದರು. ದೊಡ್ಡಕ್ಕ ಈ ಸುದ್ದಿ ಹೇಳುವಾಗ ಅವಳ ಬೆನ್ನು ಸವರಿ, "ನೀನು ಹೋಗಿ ನೋಡ್ಕೊಂಡು ಬಂದೆಯಲ್ಲಮ್ಮ, ನಿನ್ನ ಕೈಲಾದ್ದು ನೀನು ಮಾಡಿದೀಯ. ಮಲಗಿದೋರ ಒಳಗೇನಿದೆ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಅವಳಿಗೆ ಅನ್ನ ರುಚಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಕನ್ನಡಕ ಒರೆಸುವಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಒಂದು ಬಾಗಿಲು ತಳ್ಳಬೇಕಿತ್ತು, ಅಷ್ಟೇ ತಾನೆ? ಇದೇ ಮನುಷ್ಯ ತನಗಾಗಿ ನಿಂತೇ ನಿದ್ದೆ ಮಾಡಿದವನು. ತಾನು ನಾಚಿಕೆ ಪಟ್ಟುಕೊಂಡು ಓಡಿಬಂದೆ. ಪ್ರೀತಿಯಂತೆ ಪ್ರೀತಿ! ಆ ಪ್ರೀತಿಗಿಷ್ಟು ಬೆಂಕಿ ಹಾಕ. ಆಸ್ಪತ್ರೆಗೆ ಹೋಗಬೇಕೆಂದು ಎಷ್ಟೋ ಸಲ ಹೊರಟು, ಗೇಟಿನಿಂದಲೇ ತಿರುಗಿ ಬಂದಳು.

ಅವನು ಮತ್ತೆ ಗುಂಪಿಗೆ ಬಂದಾಗ ಚಳಿ ಶುರುವಾಗಿತ್ತು. ತೆಳ್ಳಗಾಗಿದ್ದ. ತಲೆಯಲ್ಲಿ ಹಿಟ್ಟಿರಲಿಲ್ಲ, ರಾತ್ರಿ ಪಾಳಿ ಬೇಡವೆಂದು ಡಾಕ್ಟರು ಹೇಳಿದ್ದರು. ಮಾತ್ರೆಯ ಕಾರಣಕ್ಕೆ ಕೈ ಸಣ್ಣಗೆ ನಡುಗುತ್ತಿತ್ತು. ಎಲ್ಲರೂ ದುಂಡಗೆ ಕೂತು 'ಇವತ್ತು ಹೇಗಿದೀನಿ' ಎಂದು ಹೇಳುವ ಹೊತ್ತು. ಅವನ ಸರದಿ ಬಂದಾಗ ಅವನು ಅವಳ ಕಡೆ ತಿರುಗಿದ.

"ಆವತ್ತು ಕನ್ನಡಕ ಬಂದು ನನ್ನ ಮುಖ ನೋಡ್ಕೊಂಡು ಹೋದ್ರು ಅಂತ ದೊಡ್ಡಕ್ಕ ಹೇಳಿದ್ರು. ನನಗೆ ಒಂದೂ ನೆನಪಿಲ್ಲ. ಆದ್ರೆ ಆಸ್ಪತ್ರೇಲಿ ಮಲಗಿದ್ದಾಗೆಲ್ಲ ಅದನ್ನೇ ನೆನೆಸ್ಕೋತಿದ್ದೆ. ನಾನು ಅಂಥ ಸ್ಥಿತೀಲಿ ಬಿದ್ದಿದ್ದಾಗ್ಲೂ ಒಬ್ರು ಬಂದು ಬಾಗಿಲಲ್ಲಿ ನಿಂತು ನೋಡಿದಾರೆ. ಹಾಗಾದ್ರೆ ಎದ್ದೇಳಬಹುದು ಅನ್ನಿಸ್ತು."

ಮೇಷ್ಟ್ರು ಕಣ್ಣೊರೆಸಿಕೊಂಡರು. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಹೇಳಿದರೆ ಅವನು ಹಿಡಿದುಕೊಂಡು ಎದ್ದ ಹಗ್ಗವನ್ನೇ ಕತ್ತರಿಸಿದಂತೆ. ಹೇಳದಿದ್ದರೆ ಜನ್ಮಪೂರ್ತಿ ಅವನ ಕೃತಜ್ಞತೆಯನ್ನು ಕದ್ದು ತಿಂದಂತೆ. ಕೆರೆಯ ದಾರಿಯಲ್ಲಿ ಅವನು ಎಂದಿನಂತೆ ಕನ್ನಡಕ ತೆಗೆದು ಅವಳ ಮುಂದೆ ಹಿಡಿದ. "ಆಸ್ಪತ್ರೇಲಿ ಇದನ್ನ ಒರೆಸೋರೇ ಇರ್ಲಿಲ್ಲ ನೋಡಿ." ಆ ನಡುಗುವ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ನಾನು ನೋಡ್ಲಿಲ್ಲ."

"ಏನು?"

"ನಿಮ್ಮ ಮುಖ. ನಾನು ನೋಡ್ಲಿಲ್ಲ. ನಿಮ್ಮ ಅತ್ತಿಗೆ ನಕ್ಕರು, ನನಗೆ ನಾಚಿಕೆ ಆಯ್ತು. ಹೊರಗಿನಿಂದಲೇ ವಾಪಸ್ ಬಂದೆ. ದೊಡ್ಡಕ್ಕನ ಹತ್ರ ಸುಳ್ಳು ಹೇಳಿದೆ. ಒಳಗೆ ಬಂದಿದ್ರೆ... ಆವತ್ತೇ ಗೊತ್ತಾಗ್ತಿತ್ತು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಂಗಿಯ ತುದಿಯಲ್ಲಿ ತಾನೇ ಕನ್ನಡಕ ಒರೆಸಿಕೊಂಡ, ಗಾಜು ಇನ್ನಷ್ಟು ಕೊಳೆಯಾಯಿತು. ಹಾಕಿಕೊಂಡು ಮುಂದೆ ನಡೆದ. ಆವತ್ತು ಅವಳು ಕೆರೆಯನ್ನು ಒಬ್ಬಳೇ ಸುತ್ತಿ ಬಂದಳು.

ಮುಂದಿನ ಬುಧವಾರ ಅವಳು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಅವನು ಇಷ್ಟು ಹೊತ್ತಿಗೆ ಬೇರೆ ಜೋಡಿ ಕೇಳಿರುತ್ತಾನೆ. ಮುಸುಕೆಳೆದುಕೊಂಡು ಅಮ್ಮನಿಗೆ ಹೇಳಿದಳು, "ಯಾರೇ ಬಂದ್ರೂ ಮಲಗಿದಾಳೆ ಅನ್ನು."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಮೊದಲಿಗಿಂತ ನಿಧಾನ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವ ಹೆಜ್ಜೆ. ಬಾಗಿಲು ತಟ್ಟಿದ ಸದ್ದಾಯಿತು.

"ಬಾಪ್ಪಾ. ಹೇಗಿದೀಯ ಈಗ? ಅವಳು ಮಲಗಿದಾಳಲ್ಲಪ್ಪ" ಎಂದಳು ಅಮ್ಮ.

"ಪರವಾಗಿಲ್ಲಮ್ಮ. ಮಲಗಿರೋ ಮುಖಾನೇ ತೋರ್ಸಿ. ನೋಡ್ದೆ ಹೋಗೋ ಹಾಗಿಲ್ಲ."

ಮುಸುಕಿನೊಳಗೆ ಅವಳು ಬಿಕ್ಕಿದಳು. ಅಮ್ಮ ಒಂದು ಮಾತೂ ಆಡದೆ ಕೋಣೆಯ ಬಾಗಿಲು ತೆಗೆದು, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಅವನು ಹೊಸ್ತಿಲಲ್ಲೇ ನಿಂತ. ಅವಳು ಎದ್ದು ಕೂತಳು, ಕಣ್ಣು ಊದಿತ್ತು, ಕೂದಲು ಕೆದರಿತ್ತು.

"ಬೇರೆ ಜೋಡಿ ಕೇಳಬೇಕಿತ್ತು ನೀವು."

"ಕೇಳೋಣ ಅಂತಿದ್ದೆ. ಸಿಟ್ಟು ಬಂದಿತ್ತು. ಈಗಲೂ ಇದೆ." ಅವನು ಗೋಡೆಗೆ ಒರಗಿದ. "ಆದ್ರೆ ಒಂದು ಮಾತು ಕೇಳಿ. ಮಾತ್ರೆ ಬಿಟ್ಟೋನು ನಾನು. ಅದು ತಗೊಂಡ್ರೆ ಮಂಕಾಗ್ತಿದ್ದೆ, ನಿಮ್ಮ ಜೊತೆ ನಡೆಯೋವಾಗ ಚುರುಕಾಗಿರಬೇಕು ಅಂತ ಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ನಿಮಗೂ ಹೇಳ್ಲಿಲ್ಲ, ನಾಚಿಕೆ. ನೀವು ಹೊರಗೆ ನಾಚ್ಕೊಂಡು ನಿಂತ್ರಿ, ನಾನು ಒಳಗೆ ನಾಚ್ಕೊಂಡು ಬಿದ್ದಿದ್ದೆ. ಚೆನ್ನಾಗಿದೆ ನಮ್ಮ ಪ್ರೇಮ!"

'ಪ್ರೇಮ' ಎಂಬ ಮಾತು ಬಾಯಿಂದ ಬಿದ್ದದ್ದೇ ಅವನು ಬಾಗಿಲ ಚಿಲಕ ನೋಡತೊಡಗಿದ, ಅವಳು ಹೊದಿಕೆಯ ಅಂಚು ಮಡಿಸತೊಡಗಿದಳು.

"ನೀವು ಹಿಡ್ಕೊಂಡಿದ್ದ ಆ ನೆನಪನ್ನ ನಾನು ಕಿತ್ಕೊಂಡೆ" ಎಂದಳು ಅವಳು, ನೆಲ ನೋಡುತ್ತಾ.

"ಹೌದು, ಕಿತ್ಕೊಂಡ್ರಿ. ಎಂಟು ದಿನ ಅದಿಲ್ದೆ ಇದ್ದು ನೋಡ್ದೆ. ಇರಬಹುದು, ಸಾಯಲ್ಲ. ಆದ್ರೆ ಇವತ್ತು ನಿಮ್ಮ ಕುರ್ಚಿ ಖಾಲಿ ಇರೋದು ನೋಡ್ದೆ. ಸಿಟ್ಟಿದ್ರೂ ಕಾಲು ಇತ್ತಲೇ ಬಂತು." ಅವನು ಕನ್ನಡಕ ತೆಗೆದು ಅವಳೆಡೆಗೆ ಚಾಚಿದ. "ಮುಖ ನೋಡಿ ಬಾ ಅಂದಿದಾರೆ. ಇದ್ರಲ್ಲಿ ಏನೂ ಕಾಣ್ತಿಲ್ಲ. ಒರೆಸಿಕೊಡು."

'ಒರೆಸಿಕೊಡಿ' ಎನ್ನಲಿಲ್ಲ. ಅವಳಿಗೆ ಅದು ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಅವಳು ಬಟ್ಟೆ ಹುಡುಕಿ ಒರೆಸಿದಳು. ಕಣ್ಣೀರು ಬಿದ್ದದ್ದರಿಂದ ಎರಡು ಸಲ ಒರೆಸಬೇಕಾಯಿತು. ಅವನು ಹಾಕಿಕೊಂಡು ನೋಡಿದ. ಊದಿದ ಕಣ್ಣು, ಮೂಗಿನ ತುದಿಯ ಕೆಂಪು, ಕೆನ್ನೆಗೆ ಅಂಟಿದ ಕೂದಲು, ಒಂದನ್ನೂ ಬಿಡದೆ ನೋಡಿದ.

"ಆಯ್ತಾ ನೋಡಿದ್ದು?"

"ಇನ್ನೂ ಆಗಿಲ್ಲ. ಚಪ್ಪಲಿ ಹಾಕ್ಕೋ, ದಾರೀಲಿ ಮಿಕ್ಕಿದ್ದು ನೋಡ್ತೀನಿ."

ಅವರು ಹಾಲು ತಲುಪಿದಾಗ ಜೇಡಿಮಣ್ಣಿನ ಕೆಲಸ ನಡೆದಿತ್ತು. ದೊಡ್ಡಕ್ಕ ಮೊಣಕೈವರೆಗೆ ಕೆಸರು ಮಾಡಿಕೊಂಡು ತಲೆಯೆತ್ತಿದಳು. "ಬಂದ್ರಾ? ಏನೋ ಬ್ರೆಡ್ಡು, ಮುಖ ನೋಡಿದೆಯಾ?"

"ನೋಡ್ದೆ ಅಕ್ಕಾ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಎದೆ ಡವಡವ ಎನ್ನುತ್ತಿತ್ತು, ಕೈ ತಣ್ಣಗಾಗಿತ್ತು.

"ಅಕ್ಕಾ, ಆವತ್ತು ನಾನು ನೋಡಿರ್ಲಿಲ್ಲ."

ಮಣ್ಣು ನಾದುತ್ತಿದ್ದ ಕೈಗಳೆಲ್ಲ ನಿಂತವು. ದೊಡ್ಡಕ್ಕನ ಮುಖದಿಂದ ನಗು ಇಳಿಯಿತು. ಯಾರು ಏನು ಅನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಪಕ್ಕದಿಂದ ಒಂದು ನಡುಗುವ ಕೈ ಬಂದು ಅವಳ ತಣ್ಣಗಿನ ಕೈ ಹಿಡಿದುಕೊಂಡಿತು, ಎಲ್ಲರೆದುರಿಗೇ.