ಒಂದು ಉಗ್ಗಿಗೆ ಹನ್ನೆರಡು ಚಿತ್ರ

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡಿದೀರಾ? ಒಳಗೆ ರೆಕಾರ್ಡಿಂಗ್ ನಡೀತಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

ಕೋಣೆಯ ಬಾಗಿಲನ್ನು ದಡಾರನೆ ತಳ್ಳಿಕೊಂಡು ನುಗ್ಗಿದ್ದು ಅವಳು. ಯಾರದೋ ಅರ್ಧ ಗಂಟೆಯ ಕೆಲಸ ಹಾಳಾಗಿದ್ದು ಅವಳಿಂದ. ಈಗ ಬೈಯುತ್ತಿರುವುದೂ ಅವಳೇ! ಹುಡುಗಿಯ ಗಟ್ಟಿತನ ನೋಡಿ...

ಯಂತ್ರದ ಮುಂದೆ ಕುಳಿತಿದ್ದ ಯುವಕ ಎದ್ದು ನಿಂತ. ತುಟಿ ಅದುರಿತು, ಕತ್ತಿನ ನರ ಉಬ್ಬಿತು.

"ಹೇ... ಹೇ... ಹೇ..."

ಅಷ್ಟೇ. ಮುಂದಿನ ಅಕ್ಷರ ಹೊರಗೆ ಬರಲೇ ಇಲ್ಲ.

ಗಾಜಿನ ಆಚೆ ನಿಂತಿದ್ದ ಅವಳ ಸಹಪಾಠಿಗಳು ಕಿಸಕ್ಕೆಂದರು. "ಬಿಡೇ, ನಮ್ಮ ಮೌನಿ ಆ ಮಾತು ಮುಗಿಸೋ ಹೊತ್ತಿಗೆ ನಿನ್ನ ಕೋರ್ಸೇ ಮುಗಿದಿರತ್ತೆ!"

ಅವಳೂ ನಕ್ಕಳು. ನಕ್ಕ ಮೇಲೆ ಅವನ ಕಣ್ಣು ನೋಡಿದಳು... ಥೂ, ಯಾಕಾದ್ರೂ ನಕ್ಕೆ!

ಅವಳು ಅನಿಮೇಷನ್ ಕಲಿಯಲು ಬಂದವಳು. ಅವನು ಆ ಸಂಸ್ಥೆಯಲ್ಲಿ ಧ್ವನಿ ಮುದ್ರಿಸುವವನು. ದಿನವಿಡೀ ಊರವರ ಮಾತನ್ನೆಲ್ಲ ಹಿಡಿದಿಡುವವನಿಗೆ ತನ್ನ ಮಾತು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಮರುದಿನ ಅವಳು ಕ್ಷಮೆ ಕೇಳಲು ಹೋದಳು. "ಪ... ಪರ..." ಎಂದು ಅವನು ಶುರು ಮಾಡಿದ. ಬೇರೆಯವರಾಗಿದ್ದರೆ "ಪರವಾಗಿಲ್ಲ ಅಂತ ತಾನೇ? ಸರಿ ಸರಿ" ಎಂದು ತಾವೇ ಮುಗಿಸಿ ಹೋಗುತ್ತಿದ್ದರು. ಅವಳು ಸುಮ್ಮನೆ ನಿಂತಳು. ಪೂರ್ತಿ ಒಂದು ನಿಮಿಷ.

"...ವಾಗಿಲ್ಲ" ಎಂದ ಅವನು. ಬೆವೆತಿದ್ದ. ಆದರೆ ನಗುತ್ತಿದ್ದ.

ಪಾಪ, ಆ ಒಂದು ನಿಮಿಷಕ್ಕೇ ಬಿದ್ದುಹೋದ ನಮ್ಮ ಹುಡುಗ!

ಅವಳ ಪಾಡೋ ನೆಟ್ಟಗಿರಲಿಲ್ಲ. ಮೊದಲ ಚಿತ್ರದಲ್ಲಿ ಒಂದು ಚೆಂಡು ಪುಟಿಯುತ್ತಿತ್ತು. "ಇದು ಪುಟಿಯೋ ಚೆಂಡಲ್ಲಮ್ಮ, ಬಿದ್ದ ಸಗಣಿ" ಎಂದರು ಮೇಷ್ಟ್ರು, ಇಡೀ ತರಗತಿಯ ಮುಂದೆ. ಎರಡನೆಯದರಲ್ಲಿ ಒಬ್ಬ ಅಜ್ಜಿ ಮೆಟ್ಟಿಲು ಹತ್ತುತ್ತಿದ್ದಳು. "ಮೆಟ್ಟಿಲು ಚೆನ್ನಾಗಿ ನಟಿಸಿದೆ. ಅಜ್ಜಿ ಸತ್ತು ವಾರ ಆಗಿರೋ ಹಾಗಿದೆ."

ಎರಡೂ ಫೇಲು. ಮೂರನೆಯದೂ ಹೋದರೆ ಅವಳ ಹೆಸರು ಪಟ್ಟಿಯಿಂದ ಹೊರಗೆ.

ಅಜ್ಜಿಗೆ ಜೀವ ಕೊಡಲು ಕಲಿಸಿದವನು ಅವನು. ಪುಸ್ತಕ ತುಂಬಿದ ಚೀಲವನ್ನು ನೆಲಕ್ಕೆ ಬಿಟ್ಟು, ಆ ಸದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸಿದ. "ಭಾ... ಭಾರ ಕೇಳಿಸ್ತಾ? ಈಗ ಬ... ಬರೀರಿ." ಅವಳು ಅಜ್ಜಿಯ ಮೊಣಕಾಲನ್ನು ಹೊಸದಾಗಿ ಬರೆದಳು. ಮೇಷ್ಟ್ರು ನೋಡಿ "ಹೂಂ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ; ಫೇಲು ಮಾತ್ರ ಫೇಲೇ.

ಮೂರನೆಯ ಚಿತ್ರಕ್ಕೆ ಅವಳು ಬರೆದ ಕಥೆ ಇಷ್ಟೇ: ಒಂದು ಕಪ್ಪೆ, ಒಂದು ಕೊಕ್ಕರೆಗೆ ತನ್ನ ಪ್ರೀತಿ ಹೇಳಿಕೊಳ್ಳುತ್ತದೆ.

"ಕಪ್ಪೆಗೆ ನೀವೇ ಧ್ವನಿ ಕೊಡಿ. ಏನ್ ಹೇಳ್ಬೇಕು ಅಂತ ನಾನ್ ಬರೆದಿಲ್ಲ. ನಿಮಗೆ ತೋಚಿದ್ದು ಹೇಳಿ."

"ನ... ನಗ್ತಾರೆ."

"ಯಾರೂ ನಗಲ್ಲ. ನಾನಿದೀನಲ್ಲ!"

ಅವನು ನಂಬಿದ. ಮೈಕಿನ ಮುಂದೆ ನಿಂತು, ಅವಳನ್ನೇ ನೋಡುತ್ತ ಹೇಳಿದ.

"ನ... ನನ್ನ ಮಾತು ಮು... ಮು... ಮುಗಿಯೋವರೆಗೂ ನಿಲ್ಲೋಳು ನೀನೊಬ್ಬಳೇ. ಜೀ... ಜೀವನಪೂರ್ತಿ ನಿಲ್ತೀಯಾ?"

ಕಪ್ಪೆಗೆ ತೋಚಿದ ಮಾತಲ್ಲ ಇದು... ಗೊತ್ತಾಯಿತು ಅವಳಿಗೆ. ಚೆನ್ನಾಗಿಯೇ ಗೊತ್ತಾಯಿತು!

ಆದರೂ "ತುಂಬಾ ಚೆನ್ನಾಗ್ ಬಂತು" ಎಂದಷ್ಟೇ ಹೇಳಿ, ಗೊತ್ತಿಲ್ಲದವಳ ಹಾಗೆ ಹೊರಟುಬಿಟ್ಟಳು. ಚಿತ್ರ ಮುಗೀಲಿ, ಆಮೇಲೆ ಉತ್ತರ ಕೊಟ್ಟರಾಯಿತು ಎಂದುಕೊಂಡಳು.

ಮುಂದಿನ ಮೂರು ವಾರ ಅವಳು ಆ ಧ್ವನಿಯ ಜೊತೆಗೇ ಬದುಕಿದಳು. ಮಾತು ಒಂದು ಸೆಕೆಂಡು ಓಡಿದರೆ ಹನ್ನೆರಡು ಚಿತ್ರ ಬರೆಯಬೇಕು. ಅವನು ಒಂದು ಸೆಕೆಂಡು ತಡವರಿಸಿದ್ದರೆ, ಆ ಉಗ್ಗಿಗೂ ಹನ್ನೆರಡು. ತುಟಿ ಸೇರುವುದು, ಬಿಗಿಯುವುದು, ಸೋಲುವುದು, ಮತ್ತೆ ಸೇರುವುದು... ಒಂದೊಂದನ್ನೂ ಕೈಯಾರೆ ಬರೆದಳು. ಅವನು ಎಷ್ಟು ಕಷ್ಟಪಡುತ್ತಾನೆ ಎಂದು ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಮೇಷ್ಟ್ರು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಬ್ಬ, ಕೊನೆಗೂ ನಿನ್ನ ಕೈಗೆ ಕಾಮಿಡಿ ಹತ್ತಿತಲ್ಲಮ್ಮ!"

"ಸರ್, ಇದು ಕಾಮಿಡಿ ಅಲ್ಲ..."

"ಅಲ್ದಿದ್ರೆ ಮಾಡು! ಪ್ರತಿ ಉಗ್ಗಿಗೂ ಗಂಟಲು ಬಲೂನಿನ ಹಾಗೆ ಉಬ್ಬಲಿ. ಕೊನೇಲಿ ಪಟ್ ಅಂತ ಒಡೀಲಿ. ಹಾಗೆ ಮಾಡಿದ್ರೆ ಪಾಸು. ಇಲ್ದಿದ್ರೆ ಗಂಟು ಮೂಟೆ ಕಟ್ಟು."

ಒಂದು ಗಂಟೆ ಅತ್ತಳು. ಆಮೇಲೆ ಪೆನ್ಸಿಲು ಚೂಪು ಮಾಡಿಕೊಂಡು ಗಂಟಲು ಉಬ್ಬಿಸಲು ಕುಳಿತಳು. ಇನ್ನೇನು ಹೇಳುವುದು! ಆ ವಾರವೆಲ್ಲ ಅವನ ಮುಖ ನೋಡಿ ಮಾತಾಡಲಿಲ್ಲ.

ವಿದ್ಯಾರ್ಥಿಗಳ ಚಿತ್ರಗಳ ಪ್ರದರ್ಶನದ ದಿನ ಅವನು ತಾಯಿಯನ್ನು ಕರೆದುಕೊಂಡು ಬಂದಿದ್ದ. ಬಟ್ಟೆ ಹೊಲಿಯುವ ಹೆಂಗಸು, ಸೆರಗಿಗೆ ಸೂಜಿ ಸಿಕ್ಕಿಸಿಕೊಂಡೇ ಬಂದಿದ್ದರು. "ಇವನ ಧ್ವನಿ ಇದೆಯಂತೆ! ಯಾವುದ್ರಲ್ಲಿ ಅಂತ ಹೇಳ್ತಾನೇ ಇಲ್ಲ ನೋಡಮ್ಮ" ಎಂದು ಅವಳ ಕೈ ಹಿಡಿದುಕೊಂಡರು.

ಅವಳು ಅವನತ್ತ ನೋಡಿದಳು. ಈಗಲೇ ಹೇಳಿಬಿಡು... ಹೊರಗೆ ಕರೆದುಕೊಂಡು ಹೋಗು...

ದೀಪ ಆರಿತು.

ಪರದೆಯ ಮೇಲೆ ಕಪ್ಪೆ ಬಾಯಿ ತೆರೆಯಿತು. "ನ... ನನ್ನ ಮಾತು ಮು... ಮು..." ಗಂಟಲು ಉಬ್ಬಿತು. ಸಭಾಂಗಣ ಘೊಳ್ಳೆಂದಿತು! "ಜೀ... ಜೀ..." ಗಂಟಲು ಒಡೆಯಿತು. ಕೊಕ್ಕರೆ ಬೆಚ್ಚಿ ಕೆಸರಿಗೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಅವನ ತಾಯಿ. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗೆಯ ಗದ್ದಲದಲ್ಲಿ ಆ ಧ್ವನಿ ಯಾರದೆಂದು ತಿಳಿದದ್ದು ಆಮೇಲೆ. ಪಕ್ಕಕ್ಕೆ ತಿರುಗಿ ನೋಡಿದರು.

ಮಗನ ಕುರ್ಚಿ ಖಾಲಿಯಾಗಿತ್ತು.

ಅವಳಿಗೆ ಮೊದಲ ಬಹುಮಾನ ಬಂತು. ಬೆನ್ನು ತಟ್ಟುವವರ ಸಾಲೇ ನಿಂತಿತ್ತು.

ಮರುದಿನ ಅವನ ಮನೆಗೆ ಹೋದಳು. ಹೊಲಿಗೆ ಯಂತ್ರದ ಮುಂದಿಂದ ತಾಯಿ ಏಳಲಿಲ್ಲ.

"ಅವನು ಮಾತೇ ಬಿಟ್ಟಿದಾನಮ್ಮ. ನೀರು ಬೇಕಾದ್ರೂ ಚೀಟಿ ಬರೀತಾನೆ. ಸಂತೋಷ ಆಯ್ತಾ?"

"ಅಮ್ಮಾ, ಮೇಷ್ಟ್ರು ಹೇಳಿದ್ದಕ್ಕೆ ನಾನು..."

"ಊರೆಲ್ಲ ನಗ್ತಾ ಇತ್ತು, ಅದು ಅವನಿಗೆ ಹೊಸದಲ್ಲ. ನನ್ನ ಮಗನ ಮಾತಿಗೆ ನಾನೇ ನಗೋ ಹಾಗೆ ಮಾಡ್ಬಿಟ್ಟೆಯಲ್ಲೇ! ಹೋಗು. ಈ ಹೊಸಿಲು ತುಳೀಬೇಡ."

ಯಂತ್ರ ಮತ್ತೆ ಓಡತೊಡಗಿತು.

ಅವಳು ಸಂಸ್ಥೆಗೆ ಬಂದು ಬಹುಮಾನ ಹಿಂದಿರುಗಿಸಿದಳು. ಚಿತ್ರವನ್ನು ಎಲ್ಲಿಯೂ ತೋರಿಸಕೂಡದೆಂದು ಬರೆದುಕೊಟ್ಟಳು. "ಹುಚ್ಚು ಹಿಡಿದಿದೆಯಾ ನಿನಗೆ?" ಎಂದು ಕೂಗಾಡಿದ ಮೇಷ್ಟ್ರು, ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಅವನಿಗೆ ಸಂದೇಶ ಕಳಿಸುತ್ತಲೇ ಇದ್ದಳು. ಹದಿನೇಳನೆಯ ದಿನ ಉತ್ತರ ಬಂತು: "ನಾಳೆ ಹನ್ನೊಂದಕ್ಕೆ. ರೆಕಾರ್ಡಿಂಗ್ ಕೋಣೆ."

ಹೋದರೆ, ಅವನು ಗಾಜಿನ ಒಳಗಿನ ಮೈಕಿನತ್ತ ಬೆರಳು ತೋರಿಸಿದ. ಅವಳು ಹೋಗಿ ನಿಂತಳು. ಅವನು ಈಚೆ ಯಂತ್ರದ ಮುಂದೆ ಕುಳಿತ. ಮುಖ ಕಲ್ಲಿನಂತಿತ್ತು.

"ಕ್ಷಮಿಸಿ. ತಪ್ಪಾಯ್ತು. ಹಾಗಾಗತ್ತೆ ಅಂತ ಗೊತ್ತಿರ್ಲಿಲ್ಲ."

ಅವನು ಗಾಜಿಗೆ ಒಂದು ಹಾಳೆ ಒತ್ತಿ ಹಿಡಿದ. "ಇನ್ನೊಮ್ಮೆ."

"ಮೇಷ್ಟ್ರು ಬಲವಂತ ಮಾಡಿದ್ರು. ನನ್ನ ಓದೇ ಹೋಗ್ತಿತ್ತು, ನಾನೇನು ಮಾಡ್ಲಿ?"

"ಇನ್ನೊಮ್ಮೆ."

ಅತ್ತಳು. ಕೈ ಮುಗಿದಳು. "ನಿಮ್ಮ ಹೊರತು ನನಗೆ ಯಾರೂ ಇಲ್ಲ" ಎಂದಳು. ಪ್ರತಿ ಸಲವೂ ಅದೇ ಹಾಳೆ! ಎಂಟು ಸಲ... ಒಂಬತ್ತು ಸಲ...

"ಸಾಕು ಮಾಡಿ! ನನ್ನನ್ನ ಹೀಗೆ ಕೊಲ್ಲೋಕೆ ಕರೆಸಿದ್ದಾ?"

ಹಾಳೆ ಕೆಳಗಿಳಿಯಲಿಲ್ಲ.

ಅವಳಿಗೆ ಹೇಳಲು ಇನ್ನೊಂದೇ ಮಾತು ಉಳಿದಿತ್ತು. ಅದನ್ನು ಹೇಳಿದರೆ ಇವನು ಇನ್ನೆಂದೂ ತನ್ನ ಮುಖ ನೋಡುವುದಿಲ್ಲ ಎಂದು ಗೊತ್ತಿತ್ತು.

"ನನಗೆ ಗೊತ್ತಿತ್ತು" ಎಂದಳು. "ನೀವು ಕೇಳಿದ್ದು ಕಪ್ಪೆ ಕೇಳಿದ್ದಲ್ಲ, ನನ್ನನ್ನೇ ಕೇಳಿದ್ದು ಅಂತ ಅವತ್ತೇ ಗೊತ್ತಿತ್ತು. ಉತ್ತರಾನೂ ಬಾಯಲ್ಲಿತ್ತು, ನಿಲ್ತೀನಿ ಅಂತ. ಅದನ್ನ ಹೇಳ್ದೆ, ಕೂತು ಗಂಟಲು ಉಬ್ಬಿಸ್ದೆ. ಜನ ನಗ್ತಾರೆ ಅಂತ ಗೊತ್ತಿದ್ದೇ ಬರ್ದೆ. ನಿಮಗೆ ಎಲ್ಲಿ ನೋಯತ್ತೆ ಅಂತ ನನ್ನಷ್ಟು ಗೊತ್ತಿರೋರು ಯಾರೂ ಇಲ್ಲ, ಅಲ್ಲೇ ಬರ್ದೆ. ಬಲೂನು ಚೆನ್ನಾಗ್ ಬಂದಾಗ ನನಗೆ ಖುಷೀನೂ ಆಯ್ತು. ಇಷ್ಟೇ. ಇನ್ನೇನೂ ಇಲ್ಲ ನನ್ನ ಹತ್ರ."

ಹಾಳೆ ಕೆಳಗಿಳಿಯಿತು.

ಅವನು ಯಂತ್ರ ಆರಿಸಿದ. ಎದ್ದು ಬಂದು ನಡುವಿನ ಬಾಗಿಲು ತೆರೆದ. ಹದಿನೆಂಟು ದಿನಗಳಿಂದ ಮುಚ್ಚಿದ್ದ ಬಾಯಿ, ತೆರೆಯಲು ತುಂಬ ಹೊತ್ತು ಹಿಡಿಯಿತು.

"ನ... ನನಗೂ ಗೊ... ಗೊತ್ತಿತ್ತು. ಆ ವಾರ ನೀವು ನನ್ನ ಮು... ಮುಖ ಯಾಕೆ ನೋಡ್ಲಿಲ್ಲ ಅಂತ ಪ... ಪರದೆ ನೋಡಿದ್ಮೇಲೆ ತಿಳೀತು. ನೀ... ನೀವೇ ಹೇಳ್ಲಿ ಅಂತ ಕಾದೆ."

"ಗೊತ್ತಿದ್ದೂ ಒಂಬತ್ತು ಸಲ ಅಳಿಸಿದ್ರಾ?"

"ಹೂಂ. ನ... ನನಗೂ ಖುಷಿ ಆಯ್ತು."

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಬಾ. ಅ... ಅಮ್ಮನ ಹತ್ರ ಹೋಗೋಣ. ಇ... ಇದನ್ನೇ ಹೇಳ್ಬೇಕು. ಒಂದು ಅ... ಅಕ್ಷರ ಬಿಡ್ದೆ."

"ಈಗ್ಲೇನಾ?"

"ಈ... ಈಗ್ಲೇ."

"ನನ್ನ ಮುಖಕ್ಕೆ ಬಾಗಿಲು ಹಾಕ್ಕೊಂಡ್ರೆ?"

"ಹಾ... ಹಾಕ್ಕೊಳ್ಲಿ. ಇ... ಇಬ್ಬರೂ ಹೊರಗೇ ನಿಂತಿರೋಣ."